ಸ್ಲೈಗೋ ಸಿಟಿಯೋ, ಬರೀ ಟೌನೋ? ಒಂದು ಶನಿವಾರದಲ್ಲಿ ಅಳೆಯುವ ಬಗೆ

ಐರ್ಲೆಂಡಿನ ಸ್ಲೈಗೋಗೆ ಬಂದ ಮೊದಲ ವಾರ ಅಮ್ಮನಿಗೆ ಫೋನ್ ಮಾಡಿ "ಒಂದು ಸಣ್ಣ ಸಿಟಿ, ಚೆನ್ನಾಗಿದೆ" ಎಂದಿದ್ದೆ. ಮರುದಿನ ಟೀ ಕುಡಿಯುವಾಗ ಲ್ಯಾಬ್‌ನವರ ಎದುರು ಅದೇ ಮಾತು ಬಾಯಿಗೆ ಬಂತು. ಪಕ್ಕದಲ್ಲಿದ್ದವರು ಕಪ್ ಕೆಳಗಿಟ್ಟು ನಕ್ಕರು. "ಸಿಟಿ? ಸ್ಲೈಗೋ?" ಅವರ ಎದುರಿಗಿದ್ದವರು ಮಾತ್ರ ನಗಲಿಲ್ಲ. "ಯಾಕೆ, ಏನು ಕಮ್ಮಿ?" ಎಂದು ಮುಖ ಬಿಗಿ ಮಾಡಿಕೊಂಡರು. ಟೀ ಆರಿತು, ಜಗಳ ಆರಲಿಲ್ಲ. ಇಬ್ಬರೂ ಇದೇ ಊರಿನವರು.

ಆಮೇಲೆ ಗೊತ್ತಾಯಿತು, ಈ ಜಗಳ ಇಲ್ಲಿ ಹಳೆಯದು. ಸ್ಲೈಗೋದಲ್ಲಷ್ಟೇ ಅಲ್ಲ. ಡ್ರಾಹೆಡಾದವರು ವರ್ಷಗಳಿಂದ ಸಿಟಿ ಪಟ್ಟ ಕೇಳುತ್ತಿದ್ದಾರೆ. ಕಿಲ್ಕೆನಿಯವರ ಹತ್ತಿರ ಬಾಯಿತಪ್ಪಿ "ನಿಮ್ಮ ಟೌನ್" ಎಂದುಬಿಟ್ಟರೆ ಕತೆ ಮುಗಿಯಿತು. ನೀವು ಐರ್ಲೆಂಡಿನ ಇಂಥ ಯಾವುದಾದರೂ ಊರಿನಲ್ಲಿ ಇದ್ದರೆ, ಯಾರ ಪಕ್ಷ ವಹಿಸುವ ಮೊದಲೂ ಒಂದು ಶನಿವಾರ ತೆಗೆದಿಟ್ಟು ನೀವೇ ಅಳೆದು ನೋಡಿ. ನಾನು ಅಳೆದ ಬಗೆ ಹೇಳುತ್ತೇನೆ. ಊರಿನ ಹೆಸರು ಬದಲಾಯಿಸಿಕೊಂಡರೆ ಸಾಕು.

ಮೊದಲು ಕಾನೂನಿನ ಪುಸ್ತಕ ಮುಚ್ಚಿಡಿ

ಐರ್ಲೆಂಡ್ ಗಣರಾಜ್ಯದಲ್ಲಿ ಎಲ್ಲರೂ ಒಪ್ಪುವ ಸಿಟಿಗಳು ಐದು: ಡಬ್ಲಿನ್, ಕಾರ್ಕ್, ಲಿಮರಿಕ್, ಗಾಲ್ವೇ, ವಾಟರ್‌ಫರ್ಡ್. ಆರನೆಯದು ಕಿಲ್ಕೆನಿ. ಅದಕ್ಕೆ 1609ರಲ್ಲಿ ಒಂದನೇ ಜೇಮ್ಸ್ ದೊರೆ ಸಿಟಿ ಎಂದು ಸನ್ನದು ಕೊಟ್ಟಿದ್ದ. 2001ರ ಸ್ಥಳೀಯ ಆಡಳಿತ ಕಾನೂನು ಆ ಹೆಸರನ್ನು ಬಳಸಿಕೊಳ್ಳಲು ಬಿಟ್ಟಿತು. ಹೆಸರು ಉಂಟು, ಸಿಟಿ ಕೌನ್ಸಿಲ್ ಇಲ್ಲ. ಗಡಿಯಾಚೆ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನಲ್ಲಿ ಇನ್ನೊಂದು ರೀತಿ. ಅಲ್ಲಿ ಈಗಲೂ ಸಿಟಿ ಪಟ್ಟ ಅರಮನೆಯಿಂದಲೇ ಬರುವುದು. ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದು 70 ವರ್ಷ ತುಂಬಿದ ನೆಪದಲ್ಲಿ 2022ರಲ್ಲಿ ಬ್ಯಾಂಗರ್ ಸಿಟಿಯಾಯಿತು. ಗಣರಾಜ್ಯದಲ್ಲಿ ರಾಜನೂ ಇಲ್ಲ, ಇಷ್ಟು ಜನ ಇದ್ದರೆ ಸಿಟಿ ಎಂಬ ಗೆರೆಯೂ ಇಲ್ಲ.

ನಮ್ಮ ಕಡೆ ಹಾಗಲ್ಲ. ಕರ್ನಾಟಕದಲ್ಲಿ 20 ಸಾವಿರ ದಾಟಿದರೆ ಪುರಸಭೆ, 50 ಸಾವಿರ ದಾಟಿದರೆ ನಗರಸಭೆ, 3 ಲಕ್ಷ ದಾಟಿದರೆ ಮಹಾನಗರ ಪಾಲಿಕೆ. ಈ ಅಳತೆಗೋಲನ್ನು ಇಲ್ಲಿಗೆ ತಂದರೆ ತಮಾಷೆಯಾಗುತ್ತದೆ. 2022ರ ಜನಗಣತಿಯಲ್ಲಿ ಸ್ಲೈಗೋ 20,608. ಕೂದಲೆಳೆಯಲ್ಲಿ ಪುರಸಭೆ! ಡ್ರಾಹೆಡಾ 44,135, ಅದೂ ಪುರಸಭೆಯೇ. ಐರ್ಲೆಂಡಿನ ಅತಿ ಹಳೆಯ ಸಿಟಿ ಎಂದು ಹೆಮ್ಮೆ ಪಡುವ ವಾಟರ್‌ಫರ್ಡ್‌ನಲ್ಲಿ ಇರುವುದು 60 ಸಾವಿರ ಜನ. ನಮ್ಮ ತಿಪಟೂರು 2011ರಲ್ಲೇ ಹತ್ತಿರಹತ್ತಿರ ಅಷ್ಟಿತ್ತು. ಅಮ್ಮನಿಗೆ ಹೇಳಿದೆ, ಅವರಿಗೆ ಬಹಳ ಖುಷಿಯಾಯಿತು. ಪಾಲಿಕೆ ಆಗುವ ಯೋಗ ಡಬ್ಲಿನ್‌ಗೆ ಮಾತ್ರ.

ಚರ್ಚಿನ ಲೆಕ್ಕವನ್ನೂ ಬಿಡಿ. ಕ್ಯಾಥೆಡ್ರಲ್, ಅಂದರೆ ಬಿಷಪ್ಪರ ಚರ್ಚು, ಇದ್ದರೆ ಸಿಟಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಗಾದರೆ ಲೆಟರ್‌ಕೆನಿ, ಮಲಿಂಗಾರ್, ಲಾಂಗ್‌ಫರ್ಡ್, ಥರ್ಲ್ಸ್, ಕೋವ್ ಎಲ್ಲವೂ ಸಿಟಿಗಳಾಗಬೇಕು. ಸ್ಲೈಗೋದಲ್ಲಿ ಎರಡಿವೆ. ಒಂದು ಕ್ಯಾಥೊಲಿಕ್, ಒಂದು ಪ್ರಾಟೆಸ್ಟಂಟರ ಚರ್ಚ್ ಆಫ್ ಐರ್ಲೆಂಡ್‌ನದು. ಎರಡಕ್ಕೂ ಒಂದೇ ಬೀದಿಯಲ್ಲಿ ನಡೆದು ಹೋಗಬಹುದು.

ಬೋರ್ಡುಗಳನ್ನಂತೂ ನಂಬಲೇಬೇಡಿ. ಕ್ವೇ ಸ್ಟ್ರೀಟಿನಲ್ಲಿರುವ ಇಲ್ಲಿನ ಹಳೆಯ ಪುರಭವನದ ಹೆಸರು ಸಿಟಿ ಹಾಲ್. ಸಿಟಿ ಇಲ್ಲ, ಸಿಟಿ ಹಾಲ್ ಇದೆ. ಭಾಷೆಯೂ ನಿಮ್ಮ ಕೈ ಹಿಡಿಯುವುದಿಲ್ಲ. ಐರಿಷ್‌ನಲ್ಲಿ ಸಿಟಿಗೆ 'ಕಾಹರ್', ಊರಿಗೆ 'ಬಾಲ್ಯೆ'. ಡಬ್ಲಿನ್‌ನ ಐರಿಷ್ ಹೆಸರೇ ಬಾಲ್ಯೆ ಎಂದು ಶುರುವಾಗುತ್ತದೆ! ರಾಜಧಾನಿಯ ಹೆಸರಲ್ಲೇ 'ಊರು' ಕೂತಿದೆ. ಡಬ್ಲಿನ್‌ನವರು ಪೇಟೆಗೆ ಹೊರಟರೂ "ಟೌನಿಗೆ ಹೋಗ್ತಿದೀನಿ" ಎನ್ನುತ್ತಾರೆ.

ಬೆಳಿಗ್ಗೆ: ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿ

ನಮ್ಮಪ್ಪ ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಊರು ಎಷ್ಟು ದೊಡ್ಡದು ಎಂದು ಕೇಳಿದರೆ ಅವರು ಜನಸಂಖ್ಯೆ ಹೇಳುತ್ತಿರಲಿಲ್ಲ. "ಇವತ್ತು ಅರಸೀಕೆರೆ ಕಡೆಯಿಂದ ಇಷ್ಟು ಗಾಡಿ ಬಂತು, ತುರುವೇಕೆರೆಯಿಂದ ಇಷ್ಟು, ಚಿಕ್ಕನಾಯಕನಹಳ್ಳಿಯಿಂದ ಇಷ್ಟು" ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ಕೇಳಿದ್ದಕ್ಕೆ ಉತ್ತರ ಕೊಡದೆ ಏನೋ ಹೇಳುತ್ತಾರೆ ಅನ್ನಿಸುತ್ತಿತ್ತು. ಸ್ಲೈಗೋವನ್ನು ನಾನು ಅಳೆದದ್ದು ಅದೇ ಲೆಕ್ಕದಲ್ಲಿ.

ಬಸ್ ನಿಲ್ದಾಣ ರೈಲ್ವೆ ಸ್ಟೇಷನ್ನಿನ ಮಗ್ಗುಲಲ್ಲೇ ಇದೆ. ಒಂದು ಕಾಫಿ ಹಿಡಿದು ಸುಮ್ನೆ ನಿಂತುಕೊಳ್ಳಿ. ಬಸ್ಸುಗಳ ಹಣೆಪಟ್ಟಿ ಓದಿ: ಡಬ್ಲಿನ್, ಬಲಿನಾ, ಗಡಿಯಾಚೆಯ ಎನಿಸ್ಕಿಲನ್. ಆಮೇಲೆ 64ನೇ ನಂಬರಿನ ಬಸ್ಸು. ಇದನ್ನು ಮಾತ್ರ ಮರೆಯದೆ ನೋಡಿ. ಅದು ಗಾಲ್ವೇಯಿಂದ ಹೊರಟು ಸ್ಲೈಗೋ, ಡೊನೆಗಾಲ್, ಲೆಟರ್‌ಕೆನಿ ಹಾದು ಡೆರಿಗೆ ಹೋಗುತ್ತದೆ. ಈ ತುದಿಯಲ್ಲೊಂದು ಸಿಟಿ, ಆ ತುದಿಯಲ್ಲೊಂದು ಸಿಟಿ. ನಡುವಿನ 270 ಕಿಲೋಮೀಟರ್ ಆಸುಪಾಸಿನಲ್ಲಿ ಒಂದೂ ಇಲ್ಲ. ಸ್ಲೈಗೋ ಸರಿಯಾಗಿ ಅದರ ಮಧ್ಯದಲ್ಲಿ ಕೂತಿದೆ. ನನ್ನ ವಾದದ ಮುಕ್ಕಾಲು ಪಾಲು ಈ ಒಂದು ಬಸ್ಸಿನಲ್ಲೇ ಇದೆ.

ಇಳಿಯುವವರ ಕೈಯಲ್ಲಿ ಏನಿದೆ ನೋಡಿ. ಖಾಲಿ ಚೀಲವಿದ್ದರೆ ಅಂಗಡಿಗೆ ಬಂದವರು. ತೊಳೆದ ಬಟ್ಟೆಯ ಬ್ಯಾಗು ಬೆನ್ನಿಗಿದ್ದರೆ ಕಾಲೇಜು ಮಕ್ಕಳು, ಆದರೆ ಅವರನ್ನು ಭಾನುವಾರ ಸಂಜೆ ನೋಡಬೇಕು. ಇಲ್ಲಿನ ಟೆಕ್ನಾಲಜಿ ಕಾಲೇಜು 2022ರಲ್ಲಿ ಗಾಲ್ವೇ, ಲೆಟರ್‌ಕೆನಿಯ ಕಾಲೇಜುಗಳ ಜೊತೆ ಸೇರಿ ಅಟ್ಲಾಂಟಿಕ್ ಟೆಕ್ನಲಾಜಿಕಲ್ ಯೂನಿವರ್ಸಿಟಿ ಆಯಿತು. ಕೈಯಲ್ಲಿ ಎಕ್ಸ್‌ರೇ ಕವರ್ ಅಥವಾ ಹೂಗುಚ್ಛ ಇದ್ದರೆ ಆಸ್ಪತ್ರೆಯ ಕಡೆ. ಪಕ್ಕದ ಲೀಟ್ರಿಮ್ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) 35 ಸಾವಿರ ಜನ ಇದ್ದಾರೆ, ಆದರೆ ಇಂಥ ದೊಡ್ಡಾಸ್ಪತ್ರೆ ಒಂದೂ ಇಲ್ಲ. ಅಲ್ಲಿನ ಎಷ್ಟೋ ಮಕ್ಕಳು ಹುಟ್ಟುವುದು ಸ್ಲೈಗೋದಲ್ಲಿ. ಆ ಮಕ್ಕಳ ಹುಟ್ಟಿದೂರು ಯಾವುದು ಎಂದು ಕೇಳಿದರೆ ಕೌಂಟಿ ತಂಡಗಳ ಫುಟ್‌ಬಾಲ್ ನೋಡುವವರಲ್ಲಿ ಬೇರೆಯೇ ಜಗಳ ಶುರುವಾಗುತ್ತದೆ. ಅದು ಇನ್ನೊಂದು ದಿನಕ್ಕಿರಲಿ.

ಮಧ್ಯಾಹ್ನ: ನಂಬರ್ ಪ್ಲೇಟ್ ಎಣಿಸಿ

ನನಗೆ ಬಹಳ ಇಷ್ಟವಾದ ಪರೀಕ್ಷೆ ಇದು. ಐರ್ಲೆಂಡಿನ ನಂಬರ್ ಪ್ಲೇಟಿನಲ್ಲಿ ಮೊದಲು ವರ್ಷ, ಆಮೇಲೆ ಕೌಂಟಿಯ ಅಕ್ಷರ, ಕೊನೆಗೆ ಸಂಖ್ಯೆ. ಸ್ಲೈಗೋಗೆ ಎಸ್‌ಓ, ಲೀಟ್ರಿಮ್‌ಗೆ ಎಲ್‌ಎಂ, ರಾಸ್ಕಾಮನ್‌ಗೆ ಆರ್‌ಎನ್, ಮೇಯೋಗೆ ಎಂಓ, ಡೊನೆಗಾಲ್‌ಗೆ ಡಿಎಲ್. ವೈನ್ ಸ್ಟ್ರೀಟಿನ ದೊಡ್ಡ ಕಾರ್ ಪಾರ್ಕಿಗೆ ಹೋಗಿ. ಒಂದು ಕಡೆಯಿಂದ ನೂರು ಕಾರು ಎಣಿಸಿ. ಅಕ್ಷರಕ್ಕೊಂದು ಗೆರೆ ಹಾಕಿ, ನಾಲ್ಕಾದ ಮೇಲೆ ಅಡ್ಡಗೆರೆ, ಅಪ್ಪ ಮೂಟೆ ಎಣಿಸುತ್ತಿದ್ದ ಹಾಗೆ.

ಇದರಲ್ಲಿ ಎರಡು ಮೋಸಗಳಿವೆ. ಒಂದು, ಕಾರು ಕೈ ಬದಲಾದರೂ ಪ್ಲೇಟು ಬದಲಾಗುವುದಿಲ್ಲ. ಮೊದಲು ನೋಂದಾಯಿಸಿದ ಕೌಂಟಿಯೇ ಕೊನೆಯವರೆಗೂ. ಡಬ್ಲಿನ್‌ನ ಸೆಕೆಂಡ್ ಹ್ಯಾಂಡ್ ಕಾರುಗಳು ದೇಶದ ಮೂಲೆಮೂಲೆಗೂ ಹೋಗಿರುತ್ತವೆ. ಹಾಗಾಗಿ ಬರೀ ಡಿ ಇರುವ ಪ್ಲೇಟುಗಳನ್ನು ಲೆಕ್ಕದಿಂದ ತೆಗೆದುಬಿಡಿ. ಎರಡು, ಜುಲೈ, ಆಗಸ್ಟ್‌ನಲ್ಲಿ ಎಣಿಸಬೇಡಿ. ಬೆನ್‌ಬುಲ್ಬೆನ್ ಬೆಟ್ಟ ನೋಡಲು, ಸ್ಟ್ರಾಂಡ್‌ಹಿಲ್‌ನಲ್ಲಿ ಅಲೆ ಸವಾರಿ ಮಾಡಲು, ಡ್ರಂಕ್ಲಿಫ್‌ನಲ್ಲಿ ಕವಿ ಯೇಟ್ಸ್ ಸಮಾಧಿ ನೋಡಲು ಬಂದವರೆಲ್ಲ ಲೆಕ್ಕದಲ್ಲಿ ಸೇರಿಬಿಡುತ್ತಾರೆ. ನಾನು ಮೊದಲ ಸಲ ಆಗಸ್ಟ್‌ನಲ್ಲೇ ಎಣಿಸಿ ಲ್ಯಾಬ್‌ನಲ್ಲಿ ಜಂಬ ಕೊಚ್ಚಿಕೊಂಡೆ. ಒಬ್ಬರು ತಾಳ್ಮೆಯಿಂದ ತಪ್ಪು ತೋರಿಸಿದರು. ಫೆಬ್ರವರಿಯ ಮಳೆಯಲ್ಲಿ ಮತ್ತೆ ಎಣಿಸಬೇಕಾಯಿತು. ಮಳೆಯಲ್ಲಿ ಬಂದವರು ಕೆಲಸವಿದ್ದೇ ಬಂದವರು.

ಫೆಬ್ರವರಿಯಲ್ಲೂ ಎಲ್‌ಎಂ ಸಾಕಷ್ಟು ಸಿಕ್ಕವು. ಡಿಎಲ್, ಆರ್‌ಎನ್ ಕೂಡ. ಹಿಂಬದಿಗೆ ಹಳದಿ ಪ್ಲೇಟ್ ಇದ್ದ ಒಂದೆರಡು ಕಾರು ಸಿಕ್ಕಾಗ ಚಿನ್ನ ಸಿಕ್ಕ ಹಾಗಾಯಿತು. ಅವು ಉತ್ತರ ಐರ್ಲೆಂಡಿನವು. ಐಎಲ್ ಅಥವಾ ಐಜಿ ಅಂತಿದ್ದರೆ ಫರ್ಮಾನಾ ಕೌಂಟಿಯದು. ಅಂದರೆ ಈ ಪುಟ್ಟ ಊರು ಇನ್ನೊಂದು ದೇಶದಿಂದಲೂ ಜನರನ್ನು ಎಳೆಯುತ್ತದೆ. ಇಪ್ಪತ್ತು ಸಾವಿರದ ಯಾವ ಪುರಸಭೆ ಈ ಕೆಲಸ ಮಾಡುತ್ತದೆ ಹೇಳಿ!

ಸಂಜೆ: ಆರರ ಮೇಲೆ ಏನಿದೆ?

ಇದನ್ನು ಬೇಗ ಮುಗಿಸೋಣ, ಯಾಕೆಂದರೆ ಇಲ್ಲಿನ ಅಂಗಡಿಗಳೂ ಬೇಗ ಮುಚ್ಚುತ್ತವೆ. ಆರಕ್ಕೆ ಓಕಾನಲ್ ಸ್ಟ್ರೀಟ್ ಖಾಲಿಯಾಗುವುದನ್ನು ನೋಡಿ ಗಾಬರಿಯಾಗಬೇಡಿ, ಎಂಟಕ್ಕೆ ಪಬ್‌ಗಳ ಕಡೆಯಿಂದ ಮತ್ತೆ ತುಂಬುತ್ತದೆ. ಹಾಕ್ಸ್ ವೆಲ್ ಎಂಬ ನಾಟಕ ಮಂದಿರ ಇದೆ. ಸ್ಲೈಗೋ ರೋವರ್ಸ್ ಪಂದ್ಯ ಊರಲ್ಲೇ ಇದ್ದರೆ ಶೋಗ್ರೌಂಡ್ಸ್ ಮೈದಾನಕ್ಕೆ ಹೋಗಿ. ಕ್ಲಬ್ಬು ಶುರುವಾದದ್ದು 1928ರಲ್ಲಿ. ಅಲ್ಲಿ ಆಟಕ್ಕಿಂತ ಬೈಗುಳ ಚೆನ್ನಾಗಿರುತ್ತದೆ.

ನನ್ನದೇ ಒಂದು ಪರೀಕ್ಷೆ ಇದೆ: ಕರಿಬೇವು. ಹಸಿ ಕರಿಬೇವು ಸಿಕ್ಕರೆ ಅರ್ಧ ಸಿಟಿ, ರಾಗಿ ಹಿಟ್ಟೂ ಸಿಕ್ಕರೆ ಪೂರ್ತಿ ಸಿಟಿ. ಇಲ್ಲಿನ ಆಸ್ಪತ್ರೆಯಲ್ಲಿ ಕೇರಳದ ನರ್ಸ್‌ಗಳು ಜಾಸ್ತಿ. ಅವರ ಪುಣ್ಯದಿಂದ ಕರಿಬೇವು ಸಿಗುತ್ತದೆ. ರಾಗಿಗೆ ಇನ್ನೂ ಡಬ್ಲಿನ್ನೇ ಗತಿ.

ಈಗ ತಿರುಗಿಸಿ ಕೇಳಿ

ಇಲ್ಲಿಯವರೆಗೆ ಯಾರು ಒಳಗೆ ಬರುತ್ತಾರೆ ಎಂದು ನೋಡಿದ್ದಾಯಿತು. ಈಗ ಈ ಊರಿನವರು ಯಾವುದಕ್ಕೆ ಹೊರಗೆ ಹೋಗಲೇಬೇಕು ಎಂದು ಕೇಳಿ. "ಸ್ಲೈಗೋ ಸಿಟಿನಾ?" ಎಂದು ಯಾರನ್ನೂ ನೇರವಾಗಿ ಕೇಳಬೇಡಿ, ಜೋಕು ಸಿಗುತ್ತದೆ, ಉತ್ತರ ಸಿಗುವುದಿಲ್ಲ. "ಕಳೆದ ಸಲ ಗಾಲ್ವೇಗೆ ಯಾಕೆ ಹೋಗಿದ್ರಿ?" ಎಂದು ಕೇಳಿ.

ಈ ಪ್ರಶ್ನೆಗೆ ನಗು ನಿಂತುಹೋಗುತ್ತದೆ. ಕ್ಯಾನ್ಸರಿಗೆ ರೇಡಿಯೋಥೆರಪಿ ಬೇಕಾದರೆ ಸ್ಲೈಗೋದಲ್ಲಿ ಇಲ್ಲ. ಗಾಲ್ವೇಗೆ ಹೋಗಬೇಕು, ಸುಮಾರು 140 ಕಿಲೋಮೀಟರ್. ಕೆಲವರಿಗೆ ವಾರಗಟ್ಟಲೆ. ಪಕ್ಕದ ಮನೆಯವರು ಹಾಗೆ ಹೋಗಿಬರುತ್ತಿದ್ದಾಗ ನಾನು ಒಂದು ದಿನ ಕಾರಿನಲ್ಲಿ ಜೊತೆಗೆ ಹೋಗಿದ್ದೆ. ಚಿಕಿತ್ಸೆಗೆ ಹಿಡಿದದ್ದು ಕಾಲು ಗಂಟೆ, ದಾರಿಗೆ ಇಡೀ ದಿನ. ರೈಲಿದೆಯಲ್ಲ ಎನ್ನಬೇಡಿ. ಇಲ್ಲಿಂದ ದಕ್ಷಿಣಕ್ಕೆ ಕ್ಲೇರ್‌ಮಾರಿಸ್ ಕಡೆ ಹೋಗುತ್ತಿದ್ದ ಪ್ರಯಾಣಿಕರ ರೈಲು 1963ರಲ್ಲೇ ನಿಂತಿತು. ಈಗ ರೈಲಿನಲ್ಲೇ ಗಾಲ್ವೇ ಸೇರಬೇಕೆಂದರೆ ಮೂರು ಗಂಟೆ ಪೂರ್ವಕ್ಕೆ ಡಬ್ಲಿನ್‌ಗೆ ಹೋಗಿ, ಕಾನೊಲಿ ಸ್ಟೇಷನ್ನಿನಿಂದ ಹ್ಯೂಸ್ಟನ್ ಸ್ಟೇಷನ್ನಿಗೆ ಟ್ರಾಮ್ ಹಿಡಿದು, ಮತ್ತೆ ಪಶ್ಚಿಮಕ್ಕೆ ವಾಪಸ್ ಬರಬೇಕು. ಮೂಗು ಮುಟ್ಟಲು ತಲೆ ಸುತ್ತಿ ಕೈ ತಂದ ಹಾಗೆ. ಸ್ಟ್ರಾಂಡ್‌ಹಿಲ್‌ನಲ್ಲಿ ವಿಮಾನ ನಿಲ್ದಾಣವಿದೆ, ಆದರೆ ವೇಳಾಪಟ್ಟಿಯ ವಿಮಾನಗಳು 2011ರಲ್ಲಿ ನಿಂತವು. ಈಗ ಅಲ್ಲಿಂದ ಏಳುವುದು ಕರಾವಳಿ ರಕ್ಷಣೆಯ ಹೆಲಿಕಾಪ್ಟರ್.

ಇಷ್ಟಾದ ಮೇಲೆ ನಿಮ್ಮ ತೀರ್ಪು ಬರೆದುಕೊಳ್ಳಿ. ನನ್ನದು ಇಷ್ಟು: ಸ್ಲೈಗೋ ಸಿಟಿಯ ಕೆಲಸ ಮಾಡುತ್ತಿದೆ, ಸಿಟಿಯ ಸಂಬಳ ಸಿಗುತ್ತಿಲ್ಲ. 2018ರಲ್ಲಿ ಸರ್ಕಾರದ ರಾಷ್ಟ್ರೀಯ ಯೋಜನಾ ಚೌಕಟ್ಟು ಇದನ್ನು 'ಪ್ರಾದೇಶಿಕ ಕೇಂದ್ರ' ಎಂದು ಕರೆಯಿತು. ಕೇಳಲು ಬಡ್ತಿ ಕೊಡದೆ ಹುದ್ದೆಯ ಹೆಸರು ಉದ್ದ ಮಾಡಿದ ಹಾಗಿದೆ. ಪಟ್ಟ ಕೊಡುವುದು ನನ್ನ ಕೈಲಿದ್ದರೆ ಡ್ರಾಹೆಡಾಗಿಂತ ಮೊದಲು ಸ್ಲೈಗೋಗೆ ಕೊಡುತ್ತಿದ್ದೆ. ಡ್ರಾಹೆಡಾ ಎರಡು ಪಟ್ಟು ದೊಡ್ಡದು, ನಿಜ. ಆದರೆ ಬೆಳಿಗ್ಗೆ ಅಲ್ಲಿನ ಸ್ಟೇಷನ್ನಿನಲ್ಲಿ ನಿಂತು ನೋಡಿ, ಜನ ಡಬ್ಲಿನ್ ಕಡೆ ಹೊರಡುತ್ತಿರುತ್ತಾರೆ. ಸ್ಲೈಗೋದಲ್ಲಿ ಬಂದು ಇಳಿಯುತ್ತಿರುತ್ತಾರೆ. ಅಲ್ಲಿರುವ ನನ್ನ ಗೆಳತಿ ಇದನ್ನು ಒಪ್ಪುವುದಿಲ್ಲ. ಅವಳೂ ಎಣಿಸುತ್ತಾಳಂತೆ, ಎಣಿಸಲಿ.

ಒಂದು ಮಾತು ಬಿಟ್ಟುಹೋಯಿತು. ಎಣಿಸಲು ಹೋಗುವಾಗ ಕೊಡೆ ಒಯ್ಯಬೇಡಿ, ಇಲ್ಲಿನ ಗಾಳಿಗೆ ಅದು ಮೊದಲ ಸಾಲಿನ ಕಾರು ಮುಗಿಯುವಷ್ಟರಲ್ಲಿ ತಿರುಚಿಕೊಳ್ಳುತ್ತದೆ. ಟೋಪಿ ಇರುವ ಜಾಕೆಟ್ ಹಾಕಿಕೊಳ್ಳಿ. ಪೆನ್ನು ಬೇಡ, ಪೆನ್ಸಿಲ್ ಇರಲಿ. ಒದ್ದೆ ಕಾಗದದ ಮೇಲೆ ಅದೇ ಬರೆಯುವುದು.