ಹೊಸಬರಿಗೆ ಮಾರ್ಗದರ್ಶಿ: ಮನೆಯಲ್ಲೇ ಈಸ್ಟರ್ ಮೊಟ್ಟೆ ಹುಡುಕಾಟ

ಮಾರ್ಚ್ ತಿಂಗಳಲ್ಲಿ ಮಗುವಿನ ಶಾಲೆಯ ಚೀಲದೊಳಗೆ ಒಂದು ಚೀಟಿ ಬರುತ್ತದೆ: ಹನ್ನೆರಡು ಪ್ಲಾಸ್ಟಿಕ್ ಮೊಟ್ಟೆಗಳಿಗೆ ತಿಂಡಿ ತುಂಬಿ ಕಳುಹಿಸಿ, ಕಡಲೆಕಾಯಿ, ಬಾದಾಮಿಯಂಥದ್ದು ಬೇಡ. ಅಮೆರಿಕಕ್ಕೆ ಆಗಷ್ಟೇ ಬಂದಿಳಿದವರು ಅದನ್ನು ಓದಿ ಇಲ್ಲಿನ ನಮ್ಮ ಕನ್ನಡ ಸಂಘಕ್ಕೆ ಕರೆ ಮಾಡುತ್ತಾರೆ. ‘ನಮ್ಮ ಮನೆಯಲ್ಲಿ ಮೊಟ್ಟೆ ತರುವುದಿಲ್ಲವಲ್ಲ, ಏನು ಮಾಡುವುದು?’ ಎಂದೇ ಹೆಚ್ಚಿನವರು ಕೇಳುತ್ತಾರೆ.

ಗಾಬರಿಯಾಗಬೇಡಿ. ಈಸ್ಟರ್ ಹಬ್ಬಕ್ಕೆ ದೊಡ್ಡವರು ಅಡಗಿಸಿಟ್ಟ ಮೊಟ್ಟೆಗಳನ್ನು ಮಕ್ಕಳು ಹುಡುಕಿ ಬುಟ್ಟಿಗೆ ಹಾಕಿಕೊಳ್ಳುವ ಆಟ ಇದು. ಇದಕ್ಕೆ ನಿಜವಾದ ಮೊಟ್ಟೆ ಬೇಕಾಗಿಲ್ಲ. ಮಾರ್ಚ್ ಬಂತೆಂದರೆ ಡಾಲರ್ ಅಂಗಡಿ, ವಾಲ್‌ಮಾರ್ಟ್, ಟಾರ್ಗೆಟ್‌ಗಳಲ್ಲೆಲ್ಲ ಬಣ್ಣಬಣ್ಣದ ಪ್ಲಾಸ್ಟಿಕ್ ಮೊಟ್ಟೆಗಳ ಚೀಲಗಳು ನೇತಾಡುತ್ತಿರುತ್ತವೆ. ಒತ್ತಿದರೆ ಎರಡು ಹೋಳಾಗುವ ಪುಟ್ಟ ಡಬ್ಬಿ ಅದು. ಒಳಗೆ ಏನು ತುಂಬಬೇಕೆಂಬುದು ನಿಮಗೆ ಬಿಟ್ಟದ್ದು.

ಈಸ್ಟರ್ ಎಂದರೆ ಕ್ರೈಸ್ತರಿಗೆ ಏಸು ಪುನರುತ್ಥಾನಗೊಂಡ ದಿನ. ಅದಕ್ಕೆ ಮುಂಚಿನ ತಪಸ್ಸುಕಾಲದಲ್ಲಿ ಹಿಂದೆ ಮಾಂಸದ ಜೊತೆಗೆ ಮೊಟ್ಟೆಯನ್ನೂ ಬಿಡುತ್ತಿದ್ದರು. ಹಾಗಾಗಿ ವ್ರತ ಮುಗಿದ ದಿನ ಅದು ಹಬ್ಬದ ತಿನಿಸಾಯಿತು. ಮೊಟ್ಟೆ ತಂದು ಅಡಗಿಸಿಡುವ ಮೊಲದ ಕಥೆಯನ್ನು ಅಮೆರಿಕಕ್ಕೆ ತಂದವರು 18ನೇ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದು ನೆಲೆಸಿದ ಜರ್ಮನರು. ಅವರೂ ನಮ್ಮಂತೆ ಊರು ಬಿಟ್ಟು ಬಂದವರೇ. ಇಲ್ಲಿನ ಎಷ್ಟೋ ಮನೆಗಳಿಗೆ ಇದು ಈಗ ವಸಂತದ ಆಟವಾಗಿದೆ. ಆದರೂ ನಮ್ಮ ಸಂಘದಲ್ಲೇ ಮಂಗಳೂರು ಕಡೆಯ ಕ್ರೈಸ್ತ ಕುಟುಂಬಗಳಿವೆ. ಅವರಿಗೆ ಆ ಬೆಳಗ್ಗೆ ಚರ್ಚಿನ ಪೂಜೆ ಮೊದಲು, ಆಟ ಆಮೇಲೆ. ಅವರ ಮಕ್ಕಳನ್ನು ಕರೆಯುವುದಾದರೆ ಮಧ್ಯಾಹ್ನದ ಹೊತ್ತು ಇಟ್ಟುಕೊಳ್ಳಿ, ಹಬ್ಬದ ಶುಭಾಶಯ ಹೇಳುವುದನ್ನು ಮರೆಯಬೇಡಿ.

ಯುಗಾದಿಯಂತೆ ಈಸ್ಟರ್ ಕೂಡ ಚಂದ್ರನನ್ನು ನೋಡಿಕೊಂಡು ಬರುತ್ತದೆ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರವೇ ಈಸ್ಟರ್. 2026ರಲ್ಲಿ ಏಪ್ರಿಲ್ 5, 2027ರಲ್ಲಿ ಮಾರ್ಚ್ 28, 2028ರಲ್ಲಿ ಏಪ್ರಿಲ್ 16. ಮಾರ್ಚ್ ಕೊನೆಗೆ ಬಂದರೆ ಉತ್ತರದ ರಾಜ್ಯಗಳಲ್ಲಿ ಹಿಮ ಬೀಳುವುದೂ ಉಂಟು. ಆದ್ದರಿಂದ ಹೊರಗೆ ಆಡಿಸುವ ಆಸೆ ಇದ್ದರೂ ಮನೆಯೊಳಗೆ ಆಡಿಸುವ ಯೋಚನೆಯನ್ನೂ ಮಾಡಿಟ್ಟುಕೊಳ್ಳಿ.

ಊರಿನ ಉದ್ಯಾನಗಳಲ್ಲಿ, ಗ್ರಂಥಾಲಯಗಳಲ್ಲಿ ನಡೆಯುವ ಹುಡುಕಾಟಕ್ಕೂ ಒಮ್ಮೆ ಹೋಗಿ ಬನ್ನಿ. ಬುಟ್ಟಿ ನಾವೇ ಒಯ್ಯಬೇಕು, ಹೆಸರನ್ನು ಮೊದಲೇ ನೋಂದಾಯಿಸಬೇಕಾಗಬಹುದು, ಹೊತ್ತಿಗೆ ಸರಿಯಾಗಿ ಅಲ್ಲಿರಬೇಕು. ಸೀಟಿ ಊದಿದ ಎರಡು ಮೂರು ನಿಮಿಷದೊಳಗೆ ಹುಲ್ಲು ಬರಿದಾಗಿರುತ್ತದೆ. ಸಣ್ಣ ಮಕ್ಕಳಿಗೆ ನಿಜವಾದ ಸುಖ ಮನೆಯ ಹುಡುಕಾಟದಲ್ಲೇ ಇದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಆದರೆ ಮನೆಯಲ್ಲೂ ಎಡವಟ್ಟಾಗಬಹುದು. ನಾವು ಮೊದಲ ವರ್ಷ ಐದು ಮಕ್ಕಳನ್ನು ಕರೆದು ಅರವತ್ತು ಮೊಟ್ಟೆಗಳನ್ನು ಸುಮ್ಮನೆ ಹುಲ್ಲಿನ ಮೇಲೆ ಚೆಲ್ಲಿದ್ದೆವು. ಒಂಬತ್ತು ವರ್ಷದವನು ಅಂಗಳವನ್ನೆಲ್ಲ ಗುಡಿಸಿದಂತೆ ಬಾಚಿಕೊಂಡ. ಮೂರು ವರ್ಷದ ಪುಟ್ಟಿಗೆ ಹಳದಿಯದೊಂದು ಸಿಕ್ಕಿತು. ಅವಳು ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತು ಅದನ್ನು ತೆರೆದಳು, ಒಳಗಿದ್ದ ಚಿಟ್ಟೆಯ ಸ್ಟಿಕರ್ ನೋಡಿದಳು, ಮುಚ್ಚಿದಳು, ಮತ್ತೆ ತೆರೆದಳು. ತಲೆ ಎತ್ತಿ ನೋಡುವಷ್ಟರಲ್ಲಿ ಆಟವೇ ಮುಗಿದಿತ್ತು. ‘ಇನ್ನೊಂದು ಎಲ್ಲಿ?’ ಎಂದು ನನ್ನನ್ನು ಕೇಳಿದಳು. ಕೊಡಲು ನನ್ನ ಕೈಯಲ್ಲಿ ಒಂದೂ ಇರಲಿಲ್ಲ.

ಅಂದಿನಿಂದ ಮಗುವಿಗೊಂದು ಬಣ್ಣ ಗೊತ್ತುಮಾಡುತ್ತೇವೆ. ಒಬ್ಬಳಿಗೆ ಹಳದಿ, ಒಬ್ಬನಿಗೆ ನೀಲಿ. ತಲೆಗೆ ಹತ್ತೋ ಹನ್ನೆರಡೋ ಸಾಕು, ಎಲ್ಲರಿಗೂ ಎಣಿಕೆ ಒಂದೇ. ಬೇರೆಯವರ ಬಣ್ಣ ಕಣ್ಣಿಗೆ ಬಿದ್ದರೆ ಮುಟ್ಟುವಂತಿಲ್ಲ, ಬಾಯಿಬಿಟ್ಟು ಹೇಳುವಂತೆಯೂ ಇಲ್ಲ. ದೊಡ್ಡ ಮಕ್ಕಳಿಗೆ ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದೇ ಒಂದು ಆಟವಾಗುತ್ತದೆ.

ಅಡಗಿಸುವಾಗ ನೀವೂ ಮಂಡಿಯೂರಿ, ಮಗುವಿನ ಎತ್ತರದಿಂದ ಕೋಣೆಯನ್ನು ಒಮ್ಮೆ ನೋಡಿ. ಎರಡು ಮೂರು ವರ್ಷದವರಿಗೆ ಮೊಟ್ಟೆ ಅರ್ಧವಾದರೂ ಕಾಣುತ್ತಿರಬೇಕು: ಸೋಫಾದ ಮೂಲೆ, ಚಪ್ಪಲಿಯ ಒಳಗೆ, ತುಳಸಿ ಕುಂಡದ ಪಕ್ಕ. ಐದಾರು ವರ್ಷದವರಿಗೆ ದಿಂಬಿನ ಕೆಳಗೆ, ಪರದೆಯ ಹಿಂದೆ. ಒಲೆ, ಔಷಧಿಯ ಕಪಾಟು, ಬಿಸಿಗಾಳಿ ಬರುವ ಜಾಲರಿ, ಹತ್ತಿ ಇಳಿಯಬೇಕಾದ ಜಾಗ ಯಾವುದೂ ಬೇಡ. ಯಾವ ಮೊಟ್ಟೆ ಎಲ್ಲಿದೆ ಎಂದು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಅಡಗಿಸಿದವರಿಗೇ ಅರ್ಧ ಗಂಟೆಯಲ್ಲಿ ಮರೆತುಹೋಗುತ್ತದೆ, ಮರೆತ ಚಾಕೊಲೇಟ್ ಬಾಡಿಗೆ ಮನೆಯ ಕಾರ್ಪೆಟ್ಟಿನೊಳಗೆ ಕರಗುತ್ತದೆ.

ಎಂಟು ದಾಟಿದವರಿಗೆ ಒಗಟು ಕಟ್ಟಿ ಕೊಡಿ. ಒಂದು ಮೊಟ್ಟೆಯೊಳಗಿನ ಚೀಟಿ ಮುಂದಿನ ಮೊಟ್ಟೆಯ ಜಾಗ ಹೇಳಬೇಕು. ನಮ್ಮ ಮನೆಯಲ್ಲಿ ಬರೆದ ಕೆಲವು: ‘ಬಾಗಿಲು ತೆರೆದರೆ ಬೆಳಕು, ಹೊಟ್ಟೆಯೆಲ್ಲ ಚಳಿ’ ಎಂದರೆ ಫ್ರಿಜ್. ‘ಮೂರು ಸಲ ಕೂಗಿ ಸುಮ್ಮನಾಗುವೆ’ ಎಂದರೆ ಕುಕ್ಕರ್. ‘ಜೋಡಿಯಾಗಿ ಊರು ಸುತ್ತುವೆವು, ದೇವರ ಕೋಣೆಗೆ ಮಾತ್ರ ಹೋಗೆವು’ ಎಂದರೆ ಚಪ್ಪಲಿ. ಕನ್ನಡ ಓದಲು ಕಲಿಯುತ್ತಿರುವ ಮಗುವಾದರೆ ಒಂದೊಂದು ಮೊಟ್ಟೆಯಲ್ಲಿ ಒಂದೊಂದು ಅಕ್ಷರ ಇಡಿ. ಕೊನೆಗೆ ಅಕ್ಷರಗಳನ್ನು ಜೋಡಿಸಿದಾಗ ‘ಅಲಮಾರು’ ಎಂದಾದರೆ, ದೊಡ್ಡ ಬಹುಮಾನ ಅಲ್ಲೇ ಇರಲಿ. ಭಾನುವಾರದ ಕನ್ನಡ ತರಗತಿಯಲ್ಲಿ ಆಕಳಿಸುವ ಮಕ್ಕಳು ಇಲ್ಲಿ ಒತ್ತಕ್ಷರವನ್ನೂ ಬಿಡದೆ ಓದುವುದನ್ನು ನಾನೇ ಕಂಡಿದ್ದೇನೆ.

ಒಳಗೆ ತುಂಬುವ ತಿಂಡಿಯ ಬಗ್ಗೆ ಎಚ್ಚರ ಬೇಕು. ಮಾರ್ಷ್‌ಮೆಲೋ ಮತ್ತು ಎಷ್ಟೋ ಬಗೆಯ ಗಮ್ಮಿ ಮಿಠಾಯಿಗಳಲ್ಲಿ ಜೆಲಾಟಿನ್ ಇರುತ್ತದೆ. ಅದನ್ನು ಹಂದಿ ಅಥವಾ ದನದ ಚರ್ಮ, ಮೂಳೆಗಳಿಂದ ತಯಾರಿಸುತ್ತಾರೆ. ಇಲ್ಲಿನ ಪೊಟ್ಟಣಗಳ ಮೇಲೆ ನಮ್ಮ ದೇಶದ ಹಸಿರು ಚುಕ್ಕೆ ಇರುವುದಿಲ್ಲ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿಯೇ ಕೊಳ್ಳಬೇಕು. ನಾಲ್ಕು ವರ್ಷದೊಳಗಿನವರಿಗೆ ಗುಂಡನೆಯ ಗಟ್ಟಿ ಮಿಠಾಯಿ, ಜೆಲ್ಲಿ ಬೀನ್, ಕಡಲೆಬೀಜ ಕೊಡಲೇಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಬರುವ ಮಕ್ಕಳಿಗೆ ಯಾವುದರ ಅಲರ್ಜಿ ಇದೆಯೆಂದು ಅವರ ತಂದೆತಾಯಂದಿರನ್ನು ಮೊದಲೇ ಕೇಳಿ, ಊರಿಂದ ಬಂದ ಚಿಕ್ಕಿಯನ್ನು ಅಂದು ಹೊರತೆಗೆಯಬೇಡಿ. ಮನೆಯಲ್ಲಿ ನಾಯಿಯಿದ್ದರೆ ಚಾಕೊಲೇಟ್ ಅದಕ್ಕೆ ವಿಷ. ತಿಂಡಿಯೇ ಬೇಕೆಂದಿಲ್ಲ. ಸ್ಟಿಕರ್, ರಬ್ಬರ್, ಕಾಲು ಡಾಲರಿನ ನಾಣ್ಯ ಎಲ್ಲವೂ ಆಗುತ್ತವೆ. ‘ಇಂದು ಅರ್ಧ ಗಂಟೆ ತಡವಾಗಿ ಮಲಗಬಹುದು’, ‘ರಾತ್ರಿ ಊಟಕ್ಕೆ ನೀನು ಹೇಳಿದ ದೋಸೆ’ ಎಂಬ ಚೀಟಿಗಳನ್ನು ಮಕ್ಕಳು ಮಿಠಾಯಿಗಿಂತ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ.

ಮೊಟ್ಟೆ ತಿನ್ನುವ ಮನೆಯವರು ನಿಜವಾದ ಮೊಟ್ಟೆಗೆ ಬಣ್ಣವನ್ನೂ ಹಾಕಬಹುದು. ಈರುಳ್ಳಿಯ ಒಣ ಸಿಪ್ಪೆಯನ್ನು ಅರ್ಧ ಗಂಟೆ ಕುದಿಸಿ ಸೋಸಿ, ಒಂದು ಚಮಚ ವಿನೆಗರ್ ಬೆರೆಸಿ, ಬೇಯಿಸಿದ ಮೊಟ್ಟೆಗಳನ್ನು ಅದರಲ್ಲಿ ಮುಳುಗಿಸಿಡಿ. ಇಟ್ಟಿಗೆಯ ಕೆಂಪು ಹಿಡಿಯುತ್ತದೆ. ಅರಿಶಿನದ ನೀರಿನಲ್ಲಿ ಹಳದಿ ಬರುತ್ತದೆ. ಬೆಂದ ಮೊಟ್ಟೆ ಎರಡು ಗಂಟೆಗಿಂತ ಹೆಚ್ಚು ಹೊತ್ತು ಫ್ರಿಜ್‌ನ ಹೊರಗಿದ್ದರೆ ತಿನ್ನಬೇಡಿ. ಹುಲ್ಲಿನಲ್ಲಿ ಅಡಗಿಸಲು ಪ್ಲಾಸ್ಟಿಕ್ಕೇ ಇರಲಿ.

ಅಪಾರ್ಟ್‌ಮೆಂಟಿನ ಹುಲ್ಲುಹಾಸಿನಲ್ಲಿ ಆಡಿಸುವುದಾದರೆ ಕಚೇರಿಯವರಿಗೆ ಒಂದು ಮಾತು ತಿಳಿಸಿ. ಮುಗಿದ ಮೇಲೆ ಎಣಿಸಿ ಎಲ್ಲವನ್ನೂ ಹೆಕ್ಕಿ, ಉಳಿದದ್ದು ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಪುಡಿಯಾಗುತ್ತದೆ. ಖಾಲಿ ಮೊಟ್ಟೆಗಳನ್ನು ಎಸೆಯಬೇಡಿ, ಮುಂದಿನ ವರ್ಷಕ್ಕೂ ಆಗುತ್ತವೆ. ಬುಟ್ಟಿಗಳೂ ಮೊಟ್ಟೆಗಳೂ ಸೋಮವಾರದಿಂದ ಅಂಗಡಿಗಳಲ್ಲಿ ಅರ್ಧ ಬೆಲೆಗೆ ಇಳಿಯುತ್ತವೆ. ಈ ವರ್ಷಕ್ಕೇ ಬೇಕೆಂದರೆ ಕೊಳ್ಳುವ ಮೊದಲು ನಮ್ಮನ್ನು ಕೇಳಿ, ಸಂಘದ ಪೆಟ್ಟಿಗೆಯಲ್ಲಿ ಎರಡು ಚೀಲ ಮೊಟ್ಟೆಗಳಿವೆ, ಎರವಲು ಕೊಡುತ್ತೇವೆ.