ಕೂತವರನ್ನು ಎಬ್ಬಿಸುವ ಬೀಟ್ ಕಟ್ಟೋದು ಹೇಗೆ?

ಗಣೇಶನ ಸೀಸನ್ ಬಂತೆಂದರೆ ರಾತ್ರಿ ನನಗೆ ನಿದ್ದೆ ಇಲ್ಲ. ಆರ್ಕೆಸ್ಟ್ರಾದಲ್ಲಿ ರಿದಂ ಪ್ಯಾಡ್, ಅಂದರೆ ಎಲೆಕ್ಟ್ರಾನಿಕ್ ಡ್ರಮ್ ನುಡಿಸುತ್ತೇನೆ. ಹೊಸ ಹುಡುಗರು ಬಂದು ಕೇಳುವುದು ಒಂದೇ: "ಅಣ್ಣಾ, ಏನು ಬಾರಿಸಿದರೆ ಜನ ಎದ್ದು ಕುಣೀತಾರೆ?" ಸ್ಪೀಡು, ಸೌಂಡು ಜಾಸ್ತಿ ಮಾಡಿದರೆ ಸಾಕು ಅಂತ ಅವರ ಲೆಕ್ಕ. ಎಲ್ಲಿ ಬಾರಿಸಬಾರದು ಅನ್ನೋದನ್ನು ಮೊದಲು ಕಲೀರಿ ಅಂತೀನಿ ನಾನು.

ವೇಗದ ವಿಷಯ ಬೇಗ ಮುಗಿಸೋಣ. ನಿಮಿಷಕ್ಕೆ 120 ಏಟಿನ ಆಸುಪಾಸಿನಲ್ಲಿರಿ. ನಾವು ಆರಾಮಾಗಿ ನಡೆಯುವ ಹೆಜ್ಜೆಯೂ ಹೆಚ್ಚುಕಮ್ಮಿ ಅಷ್ಟೇ. 160ಕ್ಕೆ ಎಳೆದರೆ ಜನ ಅರ್ಧ ವೇಗದಲ್ಲಿ ತಲೆ ಆಡಿಸುತ್ತಾರೆ, ಇಲ್ಲವೇ ಅರ್ಧ ಹಾಡಿಗೇ ಸುಸ್ತಾಗಿ ಕೂರುತ್ತಾರೆ.

ಈಗ ಪ್ಯಾಡ್ ಪಕ್ಕಕ್ಕಿಟ್ಟು ಎದ್ದು ನಿಲ್ಲಿ. ಎಂಟರವರೆಗೆ ಎಣಿಸುತ್ತಾ 1, 3, 5, 7ಕ್ಕೆ ಕಾಲು ತಟ್ಟಿ. ಏನೇ ಆದರೂ ಕಾಲು ನಿಲ್ಲಬಾರದು. ಬಾಯಲ್ಲಿ "ತಕಧಿಮಿ ತಕಧಿಮಿ" ಅನ್ನಿ, ಪ್ರತಿ "ತಕಧಿಮಿ" ಶುರುವಾಗುವಾಗ ಒಂದು ಚಪ್ಪಾಳೆ. ಅದು 1ಕ್ಕೂ 5ಕ್ಕೂ ಬೀಳುತ್ತದೆ. ತಪ್ಪೇನಿಲ್ಲ, ಆದರೆ ಶಾಲೆಯ ಡ್ರಿಲ್ ಥರ ಸಪ್ಪೆ. ಕಾಲು ಹಾಗೇ ಇರಲಿ, ಬಾಯಿ ಬದಲಿಸಿ: "ತಕಿಟ ತಕಿಟ ತಕ". ಇದೂ ಎಂಟೇ, ಮೂರು, ಮೂರು, ಎರಡು. ಈಗ ಚಪ್ಪಾಳೆ 1, 4, 7ಕ್ಕೆ. ಎರಡು ಕಡೆ ಕಾಲು ಕೈಯ ಜೊತೆಗಿದೆ. 4ರ ಚಪ್ಪಾಳೆ ಮಾತ್ರ ಎರಡು ಹೆಜ್ಜೆಗಳ ಮಧ್ಯೆ ಬೀಳುತ್ತದೆ, ಆಮೇಲೆ 5ಕ್ಕೆ ಕಾಲು ಬೀಳುವಾಗ ಕೈ ಖಾಲಿ. ನಾಲ್ಕಾರು ಸುತ್ತು ಮಾಡಿ ನೋಡಿ, ಸೊಂಟ ತಾನಾಗೇ ಅಲ್ಲಾಡುತ್ತದೆ.

ಇದಕ್ಕೆ ಕಾರಣ ಇದೆ. ಬೀಟ್ ಕೇಳುವಾಗ ಸುಮ್ನೆ ಕೂತಿದ್ದರೂ ಮಿದುಳಿನಲ್ಲಿ ಕೈಕಾಲು ಆಡಿಸುವ ಭಾಗಗಳು ಕೆಲಸ ಶುರು ಮಾಡುತ್ತವೆ. ಮುಂದಿನ ಏಟು ಎಲ್ಲಿ ಬೀಳಬೇಕು ಅಂತ ಮೊದಲೇ ಅಂದಾಜು ಹಾಕಿರುತ್ತವೆ. ಅಲ್ಲಿ ನೀವು ಬಾರಿಸದಿದ್ದರೆ ಕೇಳುವವರ ಮೈಯೇ ಆ ಜಾಗ ತುಂಬಲು ನೋಡುತ್ತದೆ. ಹಾಗಂತ ಬರೀ ಅಡ್ಡಾದಿಡ್ಡಿ ಬಾರಿಸಿದರೂ ಆಗಲ್ಲ. ಸಂಗೀತ ಸಂಶೋಧಕಿ ಮಾರಿಯಾ ವಿಟೆಕ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಬಗೆಬಗೆಯ ಡ್ರಮ್ ಬೀಟ್ ಕೇಳಿಸಿದ್ದರು. ತೀರಾ ನೇರವಾದದ್ದಕ್ಕೂ ತೀರಾ ಸಿಕ್ಕುಸಿಕ್ಕಾದದ್ದಕ್ಕೂ ಕುಣಿಯುವ ಆಸೆ ಕಮ್ಮಿ, ನಡುವಿನದಕ್ಕೆ ಜಾಸ್ತಿ. ಕೈಚಳಕವನ್ನೆಲ್ಲ ಸೋಲೋ ಬಂದಾಗ ತೋರಿಸಿ.

ಇದನ್ನು ಚೆನ್ನಾಗಿ ಕಲಿಯಬೇಕಾದರೆ ತಮಟೆಯವರ ಪಕ್ಕ ಹೋಗಿ ನಿಲ್ಲಿ. ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿಕೊಳ್ಳುವುದರಿಂದಲೇ ನೋಡಿ. ಒಂದು ಕೈಯ ದಪ್ಪ ಕೋಲು ಕಾಲಿಗೆ ಲೆಕ್ಕ ಕೊಡುತ್ತದೆ, ಇನ್ನೊಂದು ಕೈಯ ತೆಳ್ಳನೆ ಕಡ್ಡಿ ಮಧ್ಯೆ ಮಧ್ಯೆ ಚಟಪಟ ಅನ್ನುತ್ತದೆ. ಅದೇ ಸೌಂಡನ್ನು ನಾನೂ ಪ್ಯಾಡಿಗೆ ಹಾಕಿಕೊಂಡಿದ್ದೇನೆ. ಆದರೂ ಬೀದಿಯಲ್ಲಿ ತಮಟೆ ಬಂದರೆ ನನ್ನ ಮುಂದಿನ ಕುರ್ಚಿಗಳು ಖಾಲಿ!

ಸೌಂಡಿನವರ ಹತ್ತಿರ ಜಗಳ ಆಡುವುದಾದರೆ ಬೇಸ್‌ಗಾಗಿ ಆಡಿ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು ಒಂದು ಎಲೆಕ್ಟ್ರಾನಿಕ್ ಸಂಗೀತ ಕಾರ್ಯಕ್ರಮದಲ್ಲಿ, ಕಿವಿಗೆ ಗೊತ್ತೇ ಆಗದಷ್ಟು ತಗ್ಗಿನ ಸದ್ದು ಕೊಡುವ ಸ್ಪೀಕರ್‌ಗಳನ್ನು ಆಗಾಗ ಆನ್, ಆಫ್ ಮಾಡಿ ನೋಡಿದ್ದರು. ಆನ್ ಇದ್ದಾಗ ಜನ ಸುಮಾರು 12% ಜಾಸ್ತಿ ಅಲ್ಲಾಡಿದ್ದರು. ಇದು ಪ್ರಕಟವಾದದ್ದು 2022ರಲ್ಲಿ. ಹಾಗಾಗಿ ಬೇಸ್ ಬಾಕ್ಸನ್ನು ಸ್ಟ್ಯಾಂಡ್ ಮೇಲೆ ಏರಿಸದೆ ನೆಲಕ್ಕೇ ಇಡಿಸಿ. ಟ್ರೆಬಲ್ ಏರಿಸಿದರೆ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ, ಅಷ್ಟೇ.

ಇನ್ನು ಸ್ಟೇಜ್ ಮೇಲೆ. ಜನರ ಮುಖ ನೋಡಬೇಡಿ, ಕುರ್ಚಿ ಕೆಳಗೆ ಕಾಲು ನೋಡಿ. ಮುಖ ಬಿಗಿಯಾಗಿದ್ದರೂ ಎರಡನೇ ಸಾಲಿನಲ್ಲಿ ಯಾರದೋ ಚಪ್ಪಲಿ ತುದಿ ಆಡುತ್ತಿರುತ್ತದೆ. ಆಗ ಆ ಬೀಟ್ ಬಿಡಬೇಡಿ. ಹಾಡು ಮುಗಿದು ಗಾಯಕರು ನೀರು ಕುಡಿಯುತ್ತಿದ್ದರೂ ಮೆಲ್ಲಗೆ ಅದನ್ನೇ ನಡೆಸುತ್ತಿರಿ, ಮುಂದಿನ ಹಾಡಿಗೆ ಎದ್ದೇ ಏಳುತ್ತಾರೆ. ದಾನಿಗಳ ಹೆಸರು ಓದೋಕೆ ಅಂತ ಕಮಿಟಿಯವರು ಮೈಕ್ ತಗೊಂಡರೆ ಮಾತ್ರ ಯಾವ ಬೀಟೂ ಉಳಿಸಲ್ಲ. ಕೈ ಒರೆಸಿಕೊಂಡು ಟೀ ಕುಡಿಯಿರಿ.