ಪಾಯದ ಮಣ್ಣಲ್ಲೇ ಗೋಡೆ: ಮಡ್ ಬ್ಲಾಕ್ ಮಾಡಿ ಮಾರುವವರಿಗೆ

ಹಳ್ಳಿಗೆ ಬೇಕಾದ ತಂತ್ರಜ್ಞಾನ ರೂಪಿಸಲೆಂದು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಘಟಕ ಶುರುವಾಯಿತು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ ಮೊದಲಾದವರು ಅಲ್ಲಿ ವರ್ಷಗಟ್ಟಲೆ ದುಡಿದು, ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕಿಗೆ ಲೆಕ್ಕ ಕಟ್ಟಿಕೊಟ್ಟರು. ಬ್ಲಾಕ್ ಒತ್ತುವ 'ಮರ್ದಿನಿ' ಎಂಬ ಕೈಯಂತ್ರವೂ ಆ ಕೆಲಸದಿಂದಲೇ ಬಂತು. ಭಟ್ಟಿ ಬೇಡ, ಸೌದೆ ಬೇಡ. ಮನೆ ಕಟ್ಟುವವರ ದುಡ್ಡಿನ ದೊಡ್ಡ ಪಾಲು ಕೂಲಿಯಾಗಿ ಊರಲ್ಲೇ ಉಳಿಯುತ್ತದೆ. ನಾಲ್ಕಾರು ಜನ ಸೇರಿ ಇದನ್ನೇ ಉದ್ಯೋಗ ಮಾಡಿಕೊಳ್ಳಬಹುದು, ಆದರೆ ಯಂತ್ರವೊಂದನ್ನೇ ನಂಬಿ ಇಳಿಯಬೇಡಿ. ಜೊತೆಗೊಂದು ತಕ್ಕಡಿ ಇರಲೇಬೇಕು.

ಮೊದಲು ಮಣ್ಣು. ಮೇಲಿನ ಒಂದಡಿ ತೆಗೆದು ಬಿಡಿ. ಅದರಲ್ಲಿ ಬೇರು, ಕೊಳೆತ ಎಲೆ ಇರುತ್ತವೆ. ಕೆಳಗಿನ ಕೆಮ್ಮಣ್ಣು ಸರಿ. ಎರೆಮಣ್ಣು ನೀರು ಕುಡಿದು ಉಬ್ಬಿ, ಒಣಗಿದಾಗ ಬಿರಿಯುತ್ತದೆ, ಹಾಗಾಗಿ ಸಿಮೆಂಟ್ ಒಂದರಿಂದಲೇ ಅದು ಹಿಡಿತಕ್ಕೆ ಬರುವುದಿಲ್ಲ. ಮಣ್ಣಲ್ಲಿ ಮರಳೆಷ್ಟು, ಜೇಡಿಯೆಷ್ಟು ಎಂದು ನೋಡಲು ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದಷ್ಟು ನೀರು, ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ನಿಮಿಷದೊಳಗೆ ತಳ ಸೇರುತ್ತದೆ, ಜೇಡಿ ಕೂರಲು ಒಂದು ರಾತ್ರಿ ಬೇಕು. ಇದು ಅಂದಾಜಿಗೆ ಮಾತ್ರ; ನಿಖರವಾಗಿ ತಿಳಿಯಲು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ಪ್ರಯೋಗಾಲಯಕ್ಕೆ ಒಯ್ಯಿರಿ. ಬ್ಲಾಕಿಗೆ ಹೋಗುವ ಮಿಶ್ರಣದಲ್ಲಿ ಜೇಡಿ ನೂರಕ್ಕೆ 10ರಿಂದ 15 ಭಾಗ, ಮರಳು 65ಕ್ಕಿಂತ ಹೆಚ್ಚು ಇರಬೇಕು. ನಮ್ಮ ಕೆಮ್ಮಣ್ಣಿನಲ್ಲಿ ಸಾಮಾನ್ಯವಾಗಿ ಜೇಡಿ ಜಾಸ್ತಿ, ಅದಕ್ಕೇ ಮರಳು ಅಥವಾ ಕ್ರಷರ್ ಪುಡಿ ಬೆರೆಸುವುದು. ಎಷ್ಟೋ ಕಡೆ ಒಂದು ಬಾಂಡ್ಲಿ ಮಣ್ಣಿಗೆ ಒಂದು ಬಾಂಡ್ಲಿ ಬೇಕಾಗುತ್ತದೆ.

5 ಮಿ.ಮೀ. ಜರಡಿಯಲ್ಲಿ ಸೋಸಿದ 180 ಕೆ.ಜಿ. ಒಣ ಮಿಶ್ರಣಕ್ಕೆ 12.5 ಕೆ.ಜಿ. ಸಿಮೆಂಟ್ ಹಾಕಿ, ಅಂದರೆ ಚೀಲದ ಕಾಲು ಭಾಗ, ಸುಮಾರು ಶೇ. 7. ಒಣದರಲ್ಲೇ ಬಣ್ಣ ಒಂದೇ ಆಗುವವರೆಗೆ ಸಲಿಕೆಯಿಂದ ಮಗುಚಿ, ಆಮೇಲೆ ನೀರು ಚಿಮುಕಿಸಿ. ಇಷ್ಟು ಲೀಟರ್ ಎಂದು ಹೇಳಲಾಗದು, ಮಳೆ ಬಿದ್ದ ಮಾರನೇ ದಿನದ ಮಣ್ಣೇ ಬೇರೆ. ಒಂದು ಹಿಡಿ ತೆಗೆದು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಿ. ನಾಲ್ಕೈದು ಚೂರಾದರೆ ಹದ ಬಂದಿದೆ. ಪುಡಿಯಾದರೆ ನೀರು ಸಾಲದು, ಮುದ್ದೆಯಾಗಿ ಚಪ್ಪಟೆಯಾದರೆ ಹೆಚ್ಚಾಗಿದೆ. ನೀರು ಬಿದ್ದ ಮಿಶ್ರಣವನ್ನು ಒಂದು ಗಂಟೆಯೊಳಗೆ ಒತ್ತಿ ಮುಗಿಸಬೇಕು. ಊಟ ಮುಗಿಸಿ ಬಂದು ಮತ್ತೆ ನೀರು ಚಿಮುಕಿಸಿ ಒತ್ತಿದರೆ, ಆಗಲೇ ಗಟ್ಟಿಯಾಗತೊಡಗಿದ ಸಿಮೆಂಟಿನ ಹಿಡಿತ ಒಡೆದಂತೆ.

ಕೆಲಸದ ಜೀವ ಇರುವುದು ಮುಂದಿನ ಹಂತದಲ್ಲಿ. 230 x 190 x 100 ಮಿ.ಮೀ. ಬ್ಲಾಕ್ ಒಣಗಿದಾಗ ಒಂದು ಘನ ಸೆಂ.ಮೀ.ಗೆ 1.8 ಗ್ರಾಂ ತೂಗುವಂತಿರಬೇಕು. ನೀರಿನಂಶ ಶೇ. 10 ಹಿಡಿದರೆ, ಪ್ರತಿ ಸಲ ಅಚ್ಚಿಗೆ 8.6ರಿಂದ 8.7 ಕೆ.ಜಿ. ಹಸಿ ಮಿಶ್ರಣ ಬೀಳಬೇಕು. ಯಂತ್ರ ಯಾವಾಗಲೂ ಅದೇ ಅಳತೆಗೆ ಒತ್ತುತ್ತದೆ. 8 ಕೆ.ಜಿ. ಹಾಕಿದರೂ ಹೊರಬರುವ ಬ್ಲಾಕ್ ನೋಡಲು ಹಾಗೇ ಇರುತ್ತದೆ, ಒಳಗೆ ಮಾತ್ರ ಪೊಳ್ಳು, ಸಾಂದ್ರತೆ 1.66ಕ್ಕೆ ಇಳಿದಿರುತ್ತದೆ, ಬಲವೂ ಅದರ ಜೊತೆಗೇ ಕುಸಿಯುತ್ತದೆ. ಹಿಡಿ ಎಳೆಯುವವರಿಗೆ ಸಲೀಸಾಗಲಿ ಎಂದು ಮಧ್ಯಾಹ್ನದ ಮೇಲೆ ತೂಕ ತಾನಾಗಿ ಇಳಿಯುತ್ತಾ ಹೋಗುವುದು ಸಾಮಾನ್ಯ. ಬಾಂಡ್ಲಿ ಲೆಕ್ಕ ಬಿಟ್ಟು ಪ್ರತಿ ಬ್ಲಾಕಿಗೂ ತೂಗಿ ಹಾಕಿ, ಎಳೆಯುವವರನ್ನು ಆಗಾಗ ಬದಲಿಸಿ. ಅಚ್ಚಿನ ಮೂಲೆಗೆ ಬೆರಳಿಂದ ಒತ್ತಿ ತುಂಬಿ, ಅಂಚು ಉದುರುವುದಿಲ್ಲ. 180 ಕೆ.ಜಿ. ಮಿಶ್ರಣದ ಮೇಲಿನ ಲೆಕ್ಕಕ್ಕೆ 24 ಬ್ಲಾಕ್ ಬರಬೇಕು. 26 ಬಂದರೆ ಲಾಭವೆಂದು ಹಿಗ್ಗಬೇಡಿ, ತೂಕ ತಪ್ಪಿದೆ.

ನೆರಳಲ್ಲಿ ಐದಾರು ವರಸೆ ಪೇರಿಸಿ ಹುಲ್ಲು ಅಥವಾ ಗೋಣಿಚೀಲ ಹೊದಿಸಿ. ಮಾರನೇ ದಿನದಿಂದ 21 ದಿನ, ಸಾಧ್ಯವಾದರೆ 28 ದಿನ, ಒಣಗಲು ಬಿಡದೆ ನೀರು ಚಿಮುಕಿಸಿ. ಬಿಸಿಲಿಗೆ ಬಿಟ್ಟ ಬ್ಲಾಕಿನ ಮೈಯನ್ನು ಉಗುರಲ್ಲಿ ಕೆರೆದರೆ ಪುಡಿ ಬರುತ್ತದೆ.

ವ್ಯಾಪಾರದ ಮಾತು: ಬ್ಲಾಕನ್ನು ದೂರ ಸಾಗಿಸಿದರೆ ಲಾಭವೆಲ್ಲ ಲಾರಿ ಬಾಡಿಗೆಗೇ ಹೋಗುತ್ತದೆ. ಯಂತ್ರವನ್ನೇ ಕಟ್ಟುವ ಜಾಗಕ್ಕೆ ಒಯ್ದು, ಪಾಯ ತೋಡಿದ ಮಣ್ಣಲ್ಲೇ ಮಾಡಿ, ಬ್ಲಾಕಿಗಿಷ್ಟು ಎಂದು ದರ ಹೇಳಿ. ಗಾರೆಗೆ ಒಂದು ಭಾಗ ಸಿಮೆಂಟ್, ಒಂದು ಭಾಗ ಮಣ್ಣು, ಆರು ಭಾಗ ಮರಳು ಸಾಕು. ಬ್ಲಾಕನ್ನು ನೀರಲ್ಲಿ ಅದ್ದಿ ತೆಗೆದೇ ಗೋಡೆಗೆ ಇಡಬೇಕೆಂದು ಮೇಸ್ತ್ರಿಗೆ ಮೊದಲೇ ತಿಳಿಸಿ. ಇಲ್ಲದಿದ್ದರೆ ಒಣ ಬ್ಲಾಕ್ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ.

ದರದಲ್ಲಿ ಪರೀಕ್ಷೆಯ ಖರ್ಚನ್ನೂ ಸೇರಿಸಿ. ಪ್ರತಿ ಕೆಲಸದಿಂದ ಆರು ಬ್ಲಾಕ್ ಕಾಲೇಜಿಗೆ ಒಯ್ದು, 48 ಗಂಟೆ ನೆನೆಸಿ, ಹಸಿಯಾಗಿದ್ದಾಗಲೇ ಒಡೆಸಿ. ಒಣಗಿದ ಬ್ಲಾಕಿನ ಬಲ ನೋಡಿ ಮೋಸ ಹೋಗಬೇಡಿ, ಗೋಡೆಗೆ ಮಳೆ ಹೊಡೆದಾಗ ಲೆಕ್ಕಕ್ಕೆ ಬರುವುದು ಹಸಿ ಬಲವೇ. ಮೇಲಿನ ಪ್ರಮಾಣದಲ್ಲಿ ಅದು 3 ಮೆಗಾಪಾಸ್ಕಲ್, ಅಂದರೆ ಒಂದು ಚದರ ಸೆಂ.ಮೀ.ಗೆ 30 ಕೆ.ಜಿ. ಭಾರ ತಡೆಯುವಷ್ಟು, ಆಸುಪಾಸು ಬರಬೇಕು. ಬಾರದಿದ್ದರೆ ಆ ಪೇರಿಯನ್ನು ಗೋಡೆಗೆ ಕೊಡಬೇಡಿ. ಪುಡಿಮಾಡಿ ಮತ್ತೆ ಅಚ್ಚಿಗೂ ಹಾಕಬೇಡಿ, ಅದರ ಸಿಮೆಂಟ್ ಕೆಲಸ ಮುಗಿಸಿಯಾಗಿದೆ. ನೆಲದಡಿ ತುಂಬಲು ಬಳಸಿ.